ಕಾಮಗೆರೆಯಾಚೆಯ ನಡುಬಿಂದು

ಕೊಳ್ಳೇಗಾಲ
9 ಜೂನ್ 2023

ನಕ್ಷೆ ಮಾಡಿದವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಸಂಸ್ಥೆಯ ಪುಣೆ ವಿಳಾಸ ಮಾತ್ರ ನಕ್ಷೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಅಲ್ಲಿದ್ದ ಇಮೇಲ್‌ಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಕನ್ನಡ ಬಲ್ಲವರು ಅಲ್ಲಿಲ್ಲದಿದ್ದರೆ ಹುಡುಕಿ ಓದಿಸಿ. ಅಷ್ಟು ದೂರದಿಂದ ನಮ್ಮೂರನ್ನೇ ಹುಡುಕಿದವರಿಗೆ ಅದೇನು ಕಷ್ಟವಲ್ಲ.

ನಾನು ವಾಣಿಶ್ರೀ. ಕೊಳ್ಳೇಗಾಲದ ನಮ್ಮ ನೇಕಾರರ ಸಂಘದಲ್ಲಿ ಡಿಸೈನ್ ರೂಮ್ ನೋಡಿಕೊಳ್ಳುತ್ತಿದ್ದೆ. ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲು ಬರಬೇಕಾದರೆ ಯಾವ ಎಳೆ ಏಳಬೇಕು, ಯಾವ ಎಳೆ ಸುಮ್ಮನಿರಬೇಕು ಎಂದು ಮಗ್ಗಕ್ಕೆ ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ಕಂಪ್ಯೂಟರಿನಲ್ಲಿ ನಾನು ಚಿತ್ರ ಬರೆದರೆ ಪಕ್ಕದ ಯಂತ್ರ ಕಾರ್ಡಿಗೆ ತೂತು ಹೊಡೆಯುತ್ತಿತ್ತು. ನೇಕಾರರು ಬೀದಿ ದಾಟಿ ಬಂದು ಕಾರ್ಡಿನ ಸರ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಒಂದು ಕಾರ್ಡು ಹರಿದರೆ ಅರ್ಧ ತಾಸಿನಲ್ಲಿ ಇನ್ನೊಂದು ಸಿಗುತ್ತಿತ್ತು.

ಹೋದ ತಿಂಗಳು ಕೈಗಾರಿಕಾ ಇಲಾಖೆಯ ಜೀಪೂ ಒಂದು ಟೆಂಪೋವೂ ಬಂದವು. ಯಂತ್ರ, ಕಂಪ್ಯೂಟರ್ ಎರಡನ್ನೂ ಕಟ್ಟಿ ಹೇರಿಕೊಂಡರು. ಕಾಮಗೆರೆ ದಾಟಿ, ಹನೂರಿಗೆ ಹೋಗುವ ರಸ್ತೆಯಿಂದ ಒಳಕ್ಕೆ, ಹೊಲದ ನಡುವೆ ಕಟ್ಟಿದ ‘ಆವಿಷ್ಕಾರ ಕೇಂದ್ರ’ಕ್ಕೆ ಅವು ಹೋದವು. ಅಲ್ಲಿ ಸುತ್ತಮುತ್ತ ಒಂದೇ ಒಂದು ಮಗ್ಗವಿಲ್ಲ. ನಾನು ಟೆಂಪೋಗೆ ಅಡ್ಡ ನಿಂತು ಅಧಿಕಾರಿ ಶಾಂತರಾಜು ಅವರನ್ನು ಕೇಳಿದೆ. ಅವರು ಬ್ಯಾಗಿನಿಂದ ನಿಮ್ಮ ನಕ್ಷೆಯ ಹಾಳೆ ತೆಗೆದರು.

“ನೋಡಮ್ಮ, ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಸೇರಿ ಒಂದು ಟೆಕ್ನಾಲಜಿ ಕ್ಲಸ್ಟರ್. ಅದರ ನಡುಬಿಂದು ಇಲ್ಲಿ ಬರುತ್ತೆ. ಇದು ಸಂಶೋಧನೆ ಮಾಡಿ ಹೇಳಿರೋದು. ನಾನು ಹೇಳಿದ್ದಲ್ಲ.”

ಹಾಗಾದರೆ ಹೇಳಿದವರು ನೀವು. ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಕೆಂಪು ಚುಕ್ಕೆ ಬಿದ್ದ ಜಾಗದಲ್ಲಿ ನೀವು ಒಮ್ಮೆಯಾದರೂ ನಿಂತಿದ್ದೀರಾ? ನಮ್ಮ ಬೀದಿಯ ರಾಮಲಿಂಗಯ್ಯನವರು ಕಾರ್ಡಿನ ಗಂಟು ಹೊತ್ತು ಬಸ್ಸು ಹತ್ತಿ, ಇಳಿದು, ಆ ಹೊಲದ ದಾರಿಯಲ್ಲಿ ನಡೆದು ಹೋಗಬೇಕು ಎಂದು ಯಾವ ಲೆಕ್ಕ ಹೇಳಿತು?

ಉತ್ತರ ಬರೆಯಿರಿ.

ವಾಣಿಶ್ರೀ

•

ಪುಣೆ
2 ಜುಲೈ 2023

ಶ್ರೀಮತಿ ವಾಣಿಶ್ರೀ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿತು. ನೀವು ಪ್ರಸ್ತಾಪಿಸಿರುವ ನಕ್ಷೆಯನ್ನು ಸಿದ್ಧಪಡಿಸಿದ ತಂಡದ ಸದಸ್ಯೆಯಾಗಿ ಉತ್ತರಿಸುತ್ತಿದ್ದೇನೆ.

ದಕ್ಷಿಣದ ರಾಜ್ಯಗಳಲ್ಲಿ ಎಲ್ಲೆಲ್ಲಿ ಸಂಶೋಧನೆ, ಹೊಸ ತಂತ್ರಜ್ಞಾನ ಮತ್ತು ಅದನ್ನು ನೆಚ್ಚಿದ ಉದ್ಯಮಗಳು ಒತ್ತಟ್ಟಿಗೆ ಬೆಳೆಯುತ್ತಿವೆ ಎಂದು ಗುರುತಿಸುವುದು ನಮ್ಮ ಅಧ್ಯಯನದ ಉದ್ದೇಶ. ನಿಮ್ಮ ಭಾಗದಲ್ಲಿ ಕೊಳ್ಳೇಗಾಲದ ರೇಷ್ಮೆ ವಿನ್ಯಾಸ, ಯಳಂದೂರಿನ ಆಲೆಮನೆಗಳಲ್ಲಿ ಆಗಿರುವ ಯಂತ್ರ ಸುಧಾರಣೆ ಹಾಗೂ ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಸೋಲಾರ್ ಬೇಲಿ ತಯಾರಕರನ್ನು ಪರಿಗಣಿಸಲಾಗಿದೆ. ನಮ್ಮ ಕಡೆಯ ಜೋಳದ ಹೊಲಕ್ಕೆ ನುಗ್ಗುವ ಆನೆಗಳನ್ನು ತಡೆಯಲು ಈ ಬೇಲಿಗಳಲ್ಲಿ ಮಾಡಿರುವ ಮಾರ್ಪಾಡುಗಳು ಗಮನಾರ್ಹ. ಹನೂರು ತಾಲ್ಲೂಕು ವಿಸ್ತಾರವಾದ್ದರಿಂದ ನಡುಬಿಂದು ಪೂರ್ವಕ್ಕೆ ಸರಿದಿದೆ. ಅದು ಕೇವಲ ಗಣಿತದ ಬಿಂದು. ಕಟ್ಟಡ ಎಲ್ಲಿ ಕಟ್ಟಬೇಕೆಂಬ ಶಿಫಾರಸನ್ನು ನಾವು ಮಾಡಿಲ್ಲ. ಅದು ಇಲಾಖೆಯ ನಿರ್ಧಾರ.

ನಿಮ್ಮ ಅನಿಸಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಮುಂದೆ ಬರೆಯುವುದಿದ್ದರೆ ದಯವಿಟ್ಟು ಕೆಳಗಿನ ಮನೆ ವಿಳಾಸಕ್ಕೆ ಬರೆಯಿರಿ. ಸಂಸ್ಥೆಗೆ ಬರುವ ಪತ್ರಗಳು ಹಲವರ ಕೈ ದಾಟಿ ಬರುತ್ತವೆ.

ವಂದನೆಗಳೊಂದಿಗೆ,
ಡಾ. ಮಾಲಿನಿ ಪಿ.

•

ಕೊಳ್ಳೇಗಾಲ
16 ಜುಲೈ 2023

ಡಾಕ್ಟರ್ ಮಾಲಿನಿಯವರೇ,

‘ನಮ್ಮ ಕಡೆ’ ಎಂದು ಬರೆದಿದ್ದೀರಿ. ಯಾವ ಕಡೆ? ಪುಣೆ ಕಡೆ ಆನೆ ಜೋಳ ತಿನ್ನಲು ಬರುತ್ತದೆಯೇ?

ನಿನ್ನೆ ನಿಮ್ಮ ಗಣಿತದ ಬಿಂದುವಿಗೆ ಹೋಗಿ ಬಂದೆ. ಬಸ್ಸಿನವನು ರಸ್ತೆಯಲ್ಲಿ ಇಳಿಸಿ ಹೋದ. ಜೋಳದ ಹೊಲ, ಮುಳ್ಳುಬೇಲಿ, ನಾಲ್ಕು ಮೇಕೆ, ಅದರಾಚೆ ನೀಲಿ ಗಾಜಿನ ಕಟ್ಟಡ. ಬಾಗಿಲಿಗೆ ಬೀಗ. ಕಾವಲುಗಾರ ಮಾದು ಎನ್ನುವವನು ಹೊಂಗೆ ಮರದಡಿ ಕೂತಿದ್ದ.

“ಒಳಕ್ಕೆ ಬುಡಕಾಗಲ್ಲ ಕಣಕ್ಕ. ಬೀಗದ ಕೈ ಸಾಹೇಬ್ರು ತಕಂಡೋಗವ್ರೆ.”

“ಯಾವಾಗ ಬತ್ತಾರೆ?”

“ಉದ್ಘಾಟ್ನೆ ದಿನ ಬಂದಿದ್ರು. ಆಮೇಕಿಂದ ನಾನೂ ಕಾಯ್ತಾನೇ ಇವ್ನಿ.”

ಕಿಟಕಿಗೆ ಮುಖ ಒತ್ತಿ ನೋಡಿದೆ. ನನ್ನ ಯಂತ್ರ ಟೆಂಪೋದಿಂದ ಇಳಿಸಿದಾಗ ಸುತ್ತಿದ್ದ ಪ್ಲಾಸ್ಟಿಕ್ಕಿನಲ್ಲೇ ಗೋಡೆಗೆ ಒರಗಿ ನಿಂತಿದೆ. ಟ್ರಾನ್ಸ್‌ಫಾರ್ಮರ್ ಇನ್ನೂ ಕೂರಿಸಿಲ್ಲವಂತೆ. ಕರೆಂಟಿಲ್ಲದ ಆವಿಷ್ಕಾರ ಕೇಂದ್ರ!

ಮಾದು ಬಂಡಳ್ಳಿಯವನು. ಕುಡಿಯಲು ನೀರು ಕೊಟ್ಟು, ಏನೋ ಸಂತೋಷದ ಸುದ್ದಿ ಹೇಳುವಂತೆ ಹೇಳಿದ: “ಈ ನಕ್ಸೆ ಬರ್ದಿರದು ನಮ್ಮೂರ ಪುಟ್ಟಮಲ್ಲಪ್ನೋರ ಮಗಳೇಯಾ. ಮಾಲಿನಿ ಅಂತವ. ಪೂನಾದಲ್ಲವ್ಳೆ.”

ಈಗ ಅರ್ಥವಾಯಿತು. ಹೆಸರಿನ ಮುಂದೆ ಡಾಕ್ಟರ್ ಹಾಕುತ್ತೀರಿ, ಊರಿನ ಹೆಸರು ಹಾಕುವುದಿಲ್ಲ. ಬಂಡಳ್ಳಿಯೂ ಆ ಕಟ್ಟಡವೂ ಒಂದೇ ದಿಕ್ಕಿನಲ್ಲಿವೆ. ನಿಮ್ಮ ಬಿಂದು ಪೂರ್ವಕ್ಕೆ ತಾನಾಗಿ ಸರಿಯಲಿಲ್ಲ. ನೀವು ನಿಮ್ಮ ಮನೆಯ ಕಡೆಗೆ ಎಳೆದಿರಿ. ಹೊಲಗದ್ದೆ ಇದ್ದವರಿಗೆ ನೆಲದ ಬೆಲೆ ಏರುವುದು ಮುಖ್ಯ. ಬೀದಿಯಲ್ಲಿ ಮಗ್ಗ ಹೂಡಿಕೊಂಡವರ ಗತಿ ಏನಾದರೇನು? ವಾಪಸ್ ಬಸ್ಸಿಗೆಂದು ಹನೂರಿಗೆ ಹೋದಾಗ ಈ ಮಾತನ್ನು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಕೇಳುವಂತೆ ಹೇಳಿಯೇ ಬಸ್ಸು ಹತ್ತಿದೆ.

ಅನಿಸಿಕೆ ದಾಖಲಿಸಿಕೊಂಡಿದ್ದೀರಲ್ಲ, ಇದನ್ನೂ ದಾಖಲಿಸಿಕೊಳ್ಳಿ.

ವಾಣಿಶ್ರೀ

•

ಕೊಳ್ಳೇಗಾಲ
5 ಸೆಪ್ಟೆಂಬರ್ 2023

ಮಾಲಿನಿಯವರೇ,

ಉತ್ತರ ಬರಲಿಲ್ಲ. ಬೇಡ ಬಿಡಿ. ನಡೆದದ್ದನ್ನು ಮಾತ್ರ ತಿಳಿಸುತ್ತೇನೆ.

ರಾಮಲಿಂಗಯ್ಯನವರಿಗೆ ಮೈಸೂರಿನ ಒಂದು ಮದುವೆ ಮನೆಯಿಂದ ಸೀರೆಗಳ ಆರ್ಡರ್ ಬಂದಿತ್ತು. ಸೆರಗಿನ ಕೆಲಸ ನಡೆಯುತ್ತಿದ್ದಾಗ ಕಾರ್ಡಿನ ಸರದ ಒಂದು ಭಾಗ ಇಲಿ ಕಡಿದು ಹಾಳಾಯಿತು. ನಿಮ್ಮ ಕೇಂದ್ರಕ್ಕೆ ಹೋದರು, ಬೀಗ. ಮತ್ತೆ ಹೋದರು, ಬೀಗ. ನನ್ನ ಗಂಡ ಉಮೇಶ್, ಮಗ್ಗದ ಮೇಲೆ ಕಾರ್ಡು ಓಡಿಸುವ ಜಕಾರ್ಡ್ ರಿಪೇರಿ ಮಾಡುವವರು, ಕೈಯಲ್ಲೇ ತೂತು ಹೊಡೆದು ನೋಡಿದರು. ಸಾಲು ಒಂದಕ್ಕೊಂದು ಕೂಡಲಿಲ್ಲ. ನವಿಲಿನ ಕತ್ತು ಮುರಿದಂತೆ ಬಂತು. ಮದುವೆಯವರು ಕಾಯಲಿಲ್ಲ. ಬೇರೆ ಕಡೆ ಕೊಂಡರು.

ಹೋದ ವಾರ ರಾಮಲಿಂಗಯ್ಯ ಮಗ್ಗ ಬಿಚ್ಚಿಸಿದರು. ಕಾಲಿಳಿಬಿಟ್ಟು ಕೂರುವ ಗುಂಡಿಗೆ ಮಣ್ಣು ತುಂಬಿಸಿ ಮೇಲೆ ಸಿಮೆಂಟ್ ಹಾಕಿಸಿದರು. ನಾನು ಹೋಗಿ ಜಗಳವಾಡಿದೆ.

“ಯಂತ್ರ ವಾಪಸ್ ಬತ್ತದೆ ಮಾವ, ಗುಂಡಿ ಮುಚ್ಚಬೇಡಿ.”

“ಬರಾಗಂಟ ಗುಂಡೀಲಿ ಕೂತ್ಕಂಡು ಏನ್ ಮಾಡ್ಲಿ ತಾಯಿ? ಮಂಚ ಆಕ್ಕೊಂಡು ಮನಿಕತ್ತೀನಿ.”

ಅವರ ಸೊಸೆ ಚೈತ್ರ ಮಗ್ಗದ ಅಡ್ಡೆಳೆಗೆ ಹೊಕ್ಕಿನ ಉಂಡೆ ಸುತ್ತುತ್ತಿದ್ದವಳು ಈಗ ಗಾರ್ಮೆಂಟ್ಸ್ ಬಸ್ಸಿಗೆ ಹೋಗುತ್ತಾಳೆ. ಹಸಿ ಸಿಮೆಂಟಿನ ಮೇಲೆ ಕೋಳಿ ನಡೆದ ಗುರುತು ಹಾಗೇ ಉಳಿದಿದೆ.

ನಿಮ್ಮ ನಕ್ಷೆಯ ಲೆಕ್ಕದಲ್ಲಿ ಆ ಮನೆ ಈಗಲೂ ಒಂದು ‘ಘಟಕ’ವೇ?

ವಾಣಿಶ್ರೀ

•

ಪುಣೆ
24 ಸೆಪ್ಟೆಂಬರ್ 2023

ವಾಣಿಶ್ರೀಯವರೇ,

ನಿಮ್ಮ ಜುಲೈ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಇನ್ನು ಹರಿಯುವುದಿಲ್ಲ.

ಹೌದು, ನಾನು ಬಂಡಳ್ಳಿಯವಳು. ನಮ್ಮ ಹೊಲ ಊರಿನ ಮಗ್ಗುಲಲ್ಲಿದೆ. ಆ ಕಟ್ಟಡದ ಹತ್ತಿರ ನಮ್ಮ ಒಂದು ಗುಂಟೆಯೂ ಇಲ್ಲ, ನೆಂಟರದ್ದೂ ಇಲ್ಲ. ಇದನ್ನು ಕೇಳಿ ತಿಳಿಯಲು ನಿಮಗೆ ಎಷ್ಟು ಹೊತ್ತು ಬೇಕಾಗಿತ್ತು? ನೀವು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದ ಮಾತು ನಿಮಗಿಂತ ಮೊದಲು ಊರು ತಲುಪಿತು. ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಂತಿದ್ದ ನಮ್ಮ ಅಪ್ಪನನ್ನು ಒಬ್ಬರು, “ಏನ್ ಪುಟ್ಟಮಲ್ಲಪ್ನೋರೆ, ಮಗಳು ನಕ್ಸೇಲಿ ಎಷ್ಟು ಜಮೀನು ಮಾಡವ್ಳೆ?” ಎಂದು ಕೇಳಿದರಂತೆ. ಆವತ್ತಿನಿಂದ ಅಪ್ಪ ಡೈರಿಗೆ ಹೋಗುತ್ತಿಲ್ಲ. ನನ್ನ ಕೆಲಸ ಏನೆಂದು ಅವರು ಒಂದು ದಿನವೂ ಕೇಳಿದವರಲ್ಲ. ಮೊನ್ನೆ ಮೊದಲ ಸಲ ಫೋನ್ ಮಾಡಿ ಕೇಳಿದರು. “ನೀನು ಮಾಡೋ ಕೆಲ್ಸ ಕಳ್ಳತನದ್ದಾ?” ಎಂದು.

ನಾನು ಮಾಡಿದ್ದೇನೆಂದು ಈಗ ಕೇಳಿ. ನಮ್ಮ ನಕ್ಷೆಯಲ್ಲಿ ಒಂದು ಜಾಗ ಕ್ಲಸ್ಟರ್ ಎನಿಸಿಕೊಳ್ಳಬೇಕಾದರೆ ಹೊಸ ತಂತ್ರಜ್ಞಾನ ನೆಚ್ಚಿದ ಐವತ್ತು ಘಟಕಗಳಾದರೂ ಇರಬೇಕು. ಕೊಳ್ಳೇಗಾಲ ಒಂದೇ ಆ ಗೆರೆ ಮುಟ್ಟುತ್ತಿರಲಿಲ್ಲ. ಹನೂರೂ ಮುಟ್ಟುತ್ತಿರಲಿಲ್ಲ. ಮೊದಲ ಕರಡಿನಲ್ಲಿ ಮೈಸೂರು ದಾಟಿದರೆ ನಮ್ಮ ಜಿಲ್ಲೆಯೆಲ್ಲ ಬಿಳಿ ಹಾಳೆ. ಸಭೆಯಲ್ಲಿ ಒಬ್ಬರು, “ಆ ಕಡೆ ಏನಿದೆ, ಕಾಡು ತಾನೇ?” ಎಂದು ನಕ್ಕರು. ನನ್ನ ಮೈ ಉರಿದುಹೋಯಿತು. ಆ ವಾರವೇ ಕೂತು ಮೂರು ತಾಲ್ಲೂಕುಗಳ ಸುತ್ತ ಒಂದೇ ಗೆರೆ ಎಳೆದೆ. ರೇಷ್ಮೆ, ಬೆಲ್ಲ, ಬೇಲಿ ಎಲ್ಲ ಒಟ್ಟು ಸೇರಿಸಿದರೆ ಸಂಖ್ಯೆ ದಾಟಿತು. ನೀವು ನಕ್ಷೆಯಲ್ಲಿ ಕಾಣಿಸಿದ್ದೀರಿ ಎಂದರೆ ನಾನು ಎಳೆದ ಆ ಗೆರೆಯಿಂದ.

ರಾಮಲಿಂಗಯ್ಯನವರ ವಿಷಯ ಓದಿ ಊಟ ಸೇರಲಿಲ್ಲ. ಆದರೆ ಅವರ ಮಗ್ಗ ನಾನು ಬಿಚ್ಚಿಸಲಿಲ್ಲ. ಬೀಗ ಹಾಕಿದವರನ್ನು ಕೇಳಿ.

ಮಾಲಿನಿ, ಬಂಡಳ್ಳಿ

•

ಕೊಳ್ಳೇಗಾಲ
13 ಅಕ್ಟೋಬರ್ 2023

ಮಾಲಿನಿಯವರೇ,

ನಿಮ್ಮ ತಂದೆಯ ವಿಷಯದಲ್ಲಿ ನಾನು ಆಡಿದ್ದು ತಪ್ಪು. ವಿಚಾರಿಸದೆ ಆಡಿದೆ. ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ತರಲು ಆಗುವುದಿಲ್ಲ. ಅವರ ಎದುರಿಗೇ ಹೇಳಬೇಕು, ಹೇಳುತ್ತೇನೆ.

ಆದರೆ ನಿಮ್ಮ ಗೆರೆಯ ವಿಷಯದಲ್ಲಿ ನನ್ನ ಸಿಟ್ಟು ಇಳಿದಿಲ್ಲ, ಏರಿದೆ. ಯಾರೋ ನಕ್ಕರೆಂದು ನಿಮಗೆ ಉರಿಯಿತು. ಆ ಉರಿಗೆ ನಮ್ಮನ್ನು ಹಿಡಿದು ಒಂದೇ ಗಂಟಿಗೆ ಕಟ್ಟಿದಿರಿ. ನಮಗೂ ಬೇಲಿಯವರಿಗೂ ಏನು ಸಂಬಂಧ ಎಂದು ಒಬ್ಬರನ್ನಾದರೂ ಕೇಳಿದಿರಾ? ನಿಮ್ಮ ಕಡೆಯಿಂದ ಬಂದ ಇಬ್ಬರು ಹುಡುಗರು ನನ್ನ ರೂಮಿನಲ್ಲಿ ಫೋಟೋ ತೆಗೆದು, ‘ಎಂಪ್ಲಾಯೀಸ್ ಎಷ್ಟು’ ಎಂದು ಕೇಳಿ, ಕಾಫಿ ಕುಡಿದು ಹೋದರು. ಬಿಳಿ ಹಾಳೆಯಾಗಿಯೇ ಇದ್ದಿದ್ದರೆ ನಮ್ಮ ಯಂತ್ರ ನಮ್ಮಲ್ಲೇ ಇರುತ್ತಿತ್ತು.

ಬೀಗ ಹಾಕಿದವರನ್ನು ಕೇಳಿ ಎಂದಿರಿ. ಕೇಳಲು ಹೋದೆ. ಶಾಂತರಾಜು ಸಾಹೇಬರು ಸಿಗಲಿಲ್ಲ, ಹನೂರಿನ ಪುಟ್ಟಮಾದಪ್ಪ ಸಿಕ್ಕರು. ಸೋಲಾರ್ ಬೇಲಿಗೆ ಶಾಕ್ ಕೊಡುವ ಪೆಟ್ಟಿಗೆ ತಯಾರಿಸುವವರು, ಅವರೂ ಕೇಂದ್ರದ ಬಾಗಿಲು ಬಡಿಯುತ್ತಿದ್ದರು. ನನ್ನನ್ನು ಕಂಡು, ಕೊಳ್ಳೇಗಾಲದವಳು ಎಂದು ತಿಳಿದದ್ದೇ ತಡ, ಮೇಲೆ ಬಿದ್ದರು.

“ನಿಮ್ ಸೀರೆಯವ್ರಿಂದ್ಲೇ ಕಣಮ್ಮ ಎಲ್ಲಾ ಕೆಟ್ಟೋಗಿರದು. ಬೇಲಿ ಪೆಟ್ಗೆ ಟೆಸ್ಟ್ ಮಾಡೋ ರೂಮ್ನಲ್ಲಿ ನಿಮ್ ಯಂತ್ರ ತಂದು ತುರ್ಕವ್ರೆ!”

“ನಾವು ತುರುಕಿದ್ವಾ? ನಮ್ ಯಂತ್ರ ಕಿತ್ಕೊಂಡು ಬಂದಿರೋದು ನಿಮ್ಮೂರಿಗೆ!”

“ನಮ್ಮೂರಿಗೆ ಯಾಕ್ ಬೇಕು ಅದು? ಆನೆಗೆ ಸೀರೆ ಉಡುಸ್ತೀವಾ?”

ಇಬ್ಬರೂ ಕೂಗಾಡಿ ಸುಸ್ತಾದ ಮೇಲೆ ಮಾದು ಟೀ ತಂದ. ಆಗ ಗೊತ್ತಾಯಿತು. ಮೊದಲು ಪುಟ್ಟಮಾದಪ್ಪ ಪೆಟ್ಟಿಗೆ ಮಾಡಿ ನೇರವಾಗಿ ರೈತರಿಗೆ ಮಾರುತ್ತಿದ್ದರಂತೆ. ಕೆಟ್ಟರೆ ತಾವೇ ಹೋಗಿ ಸರಿಮಾಡುತ್ತಿದ್ದರಂತೆ. ಈಗ ಕ್ಲಸ್ಟರ್ ಆದ್ದರಿಂದ ಈ ಕೇಂದ್ರದ ಸರ್ಟಿಫಿಕೇಟ್ ಇಲ್ಲದೆ ಮಾರಬಾರದು ಎಂದು ನೋಟಿಸ್ ಬಂದಿದೆ. ಸರ್ಟಿಫಿಕೇಟಿಗಾಗಿ ಪೆಟ್ಟಿಗೆ ಪರೀಕ್ಷಿಸುವ ಯಂತ್ರಕ್ಕೆ ಕರೆಂಟಿಲ್ಲ. ಹೊರಗಿನ ಕಂಪನಿಯ ಪೆಟ್ಟಿಗೆಗಳಿಗೆ ಸರ್ಟಿಫಿಕೇಟ್ ಇದೆ, ಆದರೆ ಕೆಟ್ಟರೆ ನೋಡುವವರಿಲ್ಲ. ಕಾಡಂಚಿನ ಒಂದು ಹೊಲದಲ್ಲಿ ಹಾಗೆ ಕೆಟ್ಟು ಕೂತಾಗ ಆನೆ ಬಂದು ರಾಗಿ ತುಳಿದು ಹೋಗಿದೆ.

ನನಗೆ ನಿಮ್ಮಿಂದ ಒಂದೇ ಬೇಕು. ನಡುಬಿಂದು ಕಟ್ಟಡಕ್ಕಾಗಿ ಹೇಳಿದ್ದಲ್ಲ ಎಂದು ನನಗೆ ಬರೆದಿರಲ್ಲ, ಅದನ್ನೇ ನಿಮ್ಮ ಸಂಸ್ಥೆಯ ಹಾಳೆಯಲ್ಲಿ ಇಲಾಖೆಗೆ ಬರೆದುಕೊಡಿ.

ವಾಣಿಶ್ರೀ

•

ಪುಣೆ
20 ನವೆಂಬರ್ 2023

ವಾಣಿಶ್ರೀಯವರೇ,

ನೀವು ಕೇಳಿದ ಪತ್ರದ ವಿಷಯ ಮೇಲಿನವರ ಮುಂದಿದೆ. ನಿರ್ದೇಶಕರು ಪ್ರವಾಸದಲ್ಲಿದ್ದಾರೆ. ಇಂಥವು ಸ್ವಲ್ಪ ಸಮಯ ಹಿಡಿಯುತ್ತವೆ. ದಯವಿಟ್ಟು ಕಾಯಿರಿ.

ಪುಟ್ಟಮಾದಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ಮಾಲಿನಿ

•

ಕೊಳ್ಳೇಗಾಲ
18 ಜನವರಿ 2024

ಮಾಲಿನಿ,

ಇವತ್ತು ಶಾಂತರಾಜು ಸಾಹೇಬರು ಸಂಘಕ್ಕೆ ಬಂದು ನಿಮ್ಮ ನಕ್ಷೆ ಪುಸ್ತಕದ ಹೊಸ ಮುದ್ರಣ ಕೊಟ್ಟರು. ಹೊಳೆಯುವ ಹಾಳೆ, ಬಣ್ಣದ ಅಚ್ಚು. “ನೋಡಮ್ಮ, ನೀನು ಫೇಮಸ್ ಆಗ್ಬಿಟ್ಟೆ” ಎಂದು ನಕ್ಕರು.

ನನ್ನ ಫೋಟೋ. ಅರ್ಧ ಪುಟದಷ್ಟು. ಯಂತ್ರದ ಮುಂದೆ ಕಾರ್ಡು ಹಿಡಿದು ಕೂತಿದ್ದೇನೆ. ಹಿಂದಿನ ಗೋಡೆಯ ಮೇಲೆ ನಮ್ಮ ಸಂಘದ ಕ್ಯಾಲೆಂಡರ್ ಕೂಡ ಕಾಣುತ್ತದೆ. ಕೆಳಗೆ ಬರೆದಿರುವುದು: ‘ಯಶಸ್ವಿ ಕ್ಲಸ್ಟರ್. ನೂತನ ಆವಿಷ್ಕಾರ ಕೇಂದ್ರದಲ್ಲಿ ಕೆಲಸದಲ್ಲಿ ತೊಡಗಿರುವ ಮಹಿಳಾ ವಿನ್ಯಾಸಕಿ.’

ಆ ಕೇಂದ್ರದ ಹೊಸ್ತಿಲನ್ನು ನಾನು ದಾಟಿಲ್ಲ. ನನ್ನ ಮುಖವನ್ನು ಕಿತ್ತುಕೊಂಡು ಹೋಗಿ ನನ್ನ ಯಂತ್ರವನ್ನು ಕಿತ್ತುಕೊಂಡವರ ಗೋಡೆಗೆ ಅಂಟಿಸಿದ್ದೀರಿ. ಬೀದಿಯಲ್ಲಿ ಎಲ್ಲರೂ ನೋಡಿದರು. ಚೈತ್ರ ಗಾರ್ಮೆಂಟ್ಸ್ ಬಸ್ಸಿಳಿದು ಬಂದು ಪುಸ್ತಕ ಕೈಗೆ ತೆಗೆದುಕೊಂಡು ಕೇಳಿದಳು: “ನೀವು ಅಲ್ಲಿ ಕೆಲ್ಸಕ್ಕೆ ಓಯ್ತಾ ಇದ್ದೀರಾ ಅಕ್ಕ? ನಮ್ಗೆ ಒಂದು ಮಾತು ಏಳ್ನಿಲ್ವಲ್ಲ.”

ಆ ಹುಡುಗಿಯ ಕಣ್ಣಲ್ಲಿ ನಾನು ಕಳ್ಳಿಯಾದೆ. ನಿಮ್ಮ ತಂದೆಗೆ ಏನಾಯಿತೆಂದು ಇವತ್ತು ನನಗೆ ಗೊತ್ತಾಯಿತು.

ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಕಾಯಿರಿ ಎಂದು ಬರೆದಿರಲ್ಲ, ಇದಕ್ಕಾಗಿ ಕಾಯಿಸಿದಿರಾ?

ವಾಣಿಶ್ರೀ

•

ಪುಣೆ
6 ಫೆಬ್ರವರಿ 2024

ವಾಣಿಶ್ರೀಯವರೇ,

ನವೆಂಬರಿನಲ್ಲಿ ನಾನು ಬರೆದದ್ದು ಸುಳ್ಳು. ನಿರ್ದೇಶಕರು ಪ್ರವಾಸದಲ್ಲಿರಲಿಲ್ಲ, ಪಕ್ಕದ ಕೋಣೆಯಲ್ಲಿದ್ದರು. ನಾನು ಕೇಳಲೇ ಇಲ್ಲ. ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಆಗುವುದಿತ್ತು. ಅದು ಮುಗಿಯಲಿ, ಆಮೇಲೆ ಕೇಳೋಣ ಎಂದುಕೊಂಡೆ. ಕಾಯಂ ಆಯಿತು. ಜನವರಿ ಬಂತು. ಆಗಲೂ ಕೇಳಲಿಲ್ಲ.

ಫೋಟೋದ ಕೆಳಗಿನ ಸಾಲು ನಾನು ಬರೆದದ್ದಲ್ಲ, ಅಚ್ಚಾದ ಮೇಲೆಯೇ ನೋಡಿದ್ದು. ಆದರೆ ನೋಡಿದ ದಿನ ಬಾಯಿ ಬಿಡಲಿಲ್ಲ. ನಿಮಗೆ ಪುಸ್ತಕ ಸಿಗಲಿಕ್ಕಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಿಮ್ಮ ಪತ್ರ ಬಂದ ದಿನ ಅದನ್ನು ತೆಗೆದುಕೊಂಡು ಹೋಗಿ ನಿರ್ದೇಶಕರ ಮೇಜಿನ ಮೇಲೆ ಇಟ್ಟೆ. ಕನ್ನಡ ಬಾರದ ಅವರಿಗೆ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು, “ಒಬ್ಬ ಹೆಂಗಸಿನ ಬೇಸರಕ್ಕೆ ಇಡೀ ನಕ್ಷೆ ತಿದ್ದಲಾಗುತ್ತದೆಯೇ? ಇಲಾಖೆಯ ಮುಂದಿನ ಕೆಲಸವೂ ನಮಗೇ ಬರಬೇಕಾಗಿದೆ” ಎಂದರು. ಎದ್ದು ಬಂದೆ. ಆ ರಾತ್ರಿಯೇ ಬರೆಯಲು ಕೂತೆ.

ಸಂಸ್ಥೆಯ ಹಾಳೆ ಸಿಗಲಿಲ್ಲ, ಬಿಳಿ ಹಾಳೆಯಲ್ಲೇ ಬರೆದಿದ್ದೇನೆ. ಮೂರು ತಾಲ್ಲೂಕುಗಳನ್ನು ಸಂಖ್ಯೆ ಕೂಡಿಸಲಿಕ್ಕಾಗಿ ಸೇರಿಸಿದ್ದು, ಅವು ಒಂದು ಕ್ಲಸ್ಟರ್ ಅಲ್ಲ, ನಡುಬಿಂದುವಿಗೆ ನೆಲದ ಮೇಲೆ ಯಾವ ಅರ್ಥವೂ ಇಲ್ಲ, ಆ ಫೋಟೋ ಆ ಕೇಂದ್ರದ್ದಲ್ಲ. ನಕ್ಷೆ ಬರೆದವಳು ನಾನೇ ಎಂದು ಕೆಳಗೆ ರುಜು ಹಾಕಿದ್ದೇನೆ. ಇಲಾಖೆಗೆ ಒಂದು ಪ್ರತಿ, ಮೈಸೂರಿನ ಎರಡು ಪತ್ರಿಕೆಗಳಿಗೆ ಒಂದೊಂದು, ಅಪ್ಪನಿಗೆ ಒಂದು ಹೋದ ವಾರವೇ ಕಳಿಸಿದೆ. ನಿಮ್ಮ ಪ್ರತಿ ಇದರ ಜೊತೆಗಿದೆ.

ಮಾರ್ಚ್ ನಾಲ್ಕಕ್ಕೆ ಕೇಂದ್ರದಲ್ಲಿ ಅಹವಾಲು ಸಭೆ ಇದೆಯೆಂದು ಮಾದು ಫೋನಿನಲ್ಲಿ ಹೇಳಿದ. ನಾನು ಬರಬೇಕೆಂದಿದ್ದೆ. ಅದೇ ದಿನ ಇಲ್ಲಿ ವಿಚಾರಣಾ ಸಮಿತಿ ನನ್ನನ್ನು ಕರೆದಿದೆ. ಗುಟ್ಟು ಹೊರಗೆ ಹಾಕಿದೆನಂತೆ. ನೀವು ಹೋಗಿ. ಎಲ್ಲರನ್ನೂ ಕರೆದುಕೊಂಡು ಹೋಗಿ.

ಮಾಲಿನಿ

•

ಕೊಳ್ಳೇಗಾಲ
9 ಮಾರ್ಚ್ 2024

ಮಾಲಿನಿಯವರೇ,

ಸಭೆ ಆಯಿತು. ಅಲ್ಲಿ ನೀವಿರಬೇಕಿತ್ತು. ಇರಲಿಲ್ಲವಾದ್ದರಿಂದ ಎಲ್ಲ ಬರೆಯುತ್ತೇನೆ.

ನಾವು ಒಂದು ಟೆಂಪೋ ತುಂಬ ಹೋದೆವು. ಚೈತ್ರ ಅರ್ಧ ದಿನದ ಸಂಬಳ ಬಿಟ್ಟು ಬಂದಳು. ಪುಟ್ಟಮಾದಪ್ಪ ಬೇಲಿಯವರನ್ನೆಲ್ಲ ಎಬ್ಬಿಸಿಕೊಂಡು ಬಂದಿದ್ದರು. ಯಳಂದೂರಿನಿಂದ ಪುಟ್ಟಸಿದ್ದಯ್ಯ ಎಂಬ ಆಲೆಮನೆಯವರು, ಕಬ್ಬು ಅರೆಯುವ ಯಂತ್ರಕ್ಕೂ ಇದೇ ನೋಟಿಸು ಬಂದಿದೆಯೆಂದು ಹಾಳೆ ಹಿಡಿದು ಬಂದಿದ್ದರು. ಸಭೆಗೆಂದು ಜನರೇಟರ್ ತರಿಸಿದ್ದರು. ಮೊದಲ ಸಲ ಆ ಕಟ್ಟಡದಲ್ಲಿ ಫ್ಯಾನ್ ತಿರುಗಿತು.

ಶಾಂತರಾಜು ಸಾಹೇಬರು ಪರದೆಯ ಮೇಲೆ ನಿಮ್ಮ ನಕ್ಷೆ ಹಾಕಿ, ಕ್ಲಸ್ಟರ್ ಅಂದರೆ ಒಂದು ಕುಟುಂಬ ಇದ್ದ ಹಾಗೆ ಎಂದು ಶುರು ಮಾಡಿದರು. ನಾನು ಎದ್ದೆ.

“ಸಾ, ಇಲ್ಲಿ ಕೂತಿರೋರಿಗೆ ಒಬ್ರಿಗೊಬ್ರು ಪರಿಚಯ ಇದ್ಯಾ, ಕೇಳಿ ಸಾ. ಕುಟುಂಬ ಅಂತೀರಿ.”

“ಕೂತ್ಕೊಳಮ್ಮ, ಪ್ರಶ್ನೋತ್ತರ ಆಮೇಲೆ.”

“ನನ್ ಫೋಟೋ ಹಾಕ್ಕೊಳೋವಾಗ ನನ್ನ ಒಂದು ಮಾತು ಕೇಳಿದ್ರಾ?”

ಗದ್ದಲವಾಯಿತು. ಚೈತ್ರ ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದಳು. ಸಾಹೇಬರು, ಅದು ಒಬ್ಬ ಉದ್ಯೋಗಿಯ ಖಾಸಗಿ ಅಭಿಪ್ರಾಯ, ಸಂಸ್ಥೆ ನಕ್ಷೆ ಸರಿಯಿದೆ ಎಂದು ಇಮೇಲ್ ಕಳಿಸಿದೆ ಎಂದರು. ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಹಣೆಯ ಮೇಲೆ ವಿಭೂತಿ. ಯಾರೆಂದು ನನಗೆ ಗೊತ್ತಿರಲಿಲ್ಲ. ಅವರು ಮೆಲ್ಲಗೆ ಮಾತಾಡಿದರು.

“ಸಾ, ಆ ನಕ್ಸೆ ಬರ್ದೋಳು ನನ್ ಮಗಳು. ತೆಪ್ಪಾಗದೆ ಅಂತ ಅವ್ಳೇ ರುಜು ಆಕಿ ಬರ್ಕೊಟ್ಟವ್ಳೆ. ಬರ್ದೋಳೇ ತೆಪ್ಪು ಅಂದ್ಮೇಲೆ ನೀವ್ ಯಾಕ್ ಸಾ ಸರಿ ಅಂತೀರಿ?”

ಪತ್ರಿಕೆಯವನೊಬ್ಬ ಬರೆದುಕೊಳ್ಳುತ್ತಿದ್ದ. ಸಾಹೇಬರು ಹೊರಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿ ಬಂದರು. ಕೊಳ್ಳೇಗಾಲದ ಯಂತ್ರ ಕೊಳ್ಳೇಗಾಲಕ್ಕೆ ವಾಪಸ್ ಕಳಿಸುತ್ತೇವೆ, ಬಾಕಿ ವಿಷಯ ಪರಿಶೀಲಿಸುತ್ತೇವೆ ಎಂದರು. ಆಮೇಲೆ ನನ್ನನ್ನೇ ಮೇಜಿನ ಹತ್ತಿರ ಕರೆದು ಕೇಳಿದರು: “ವಾಪಸ್ ಕಳ್ಸೋದಕ್ಕೆ ಫೈಲಲ್ಲಿ ಏನ್ ಕಾರಣ ಬರೀಲಮ್ಮ?”

“ಮಗ್ಗ ಕೊಳ್ಳೇಗಾಲದಲ್ಲಿ ಅವೆ ಅಂತ ಬರೀರಿ ಸಾ.”

‘ಆಡಳಿತಾತ್ಮಕ ಕಾರಣಗಳಿಂದ’ ಎಂದು ಬರೆದರು. ನಾನು ಎದುರಿಗೇ ನಿಂತಿದ್ದರೂ ಆ ಒಂದು ಸಾಲು ಬರೆಯಲು ಅವರಿಗೆ ಕೈ ಬರಲಿಲ್ಲ.

ಹೊರಗೆ ನಿಮ್ಮ ತಂದೆ ಚಪ್ಪಲಿ ಹುಡುಕುತ್ತಿದ್ದರು. ನಾನು ಹೋಗಿ ಕೈ ಮುಗಿದು, ಬಸ್‌ಸ್ಟ್ಯಾಂಡಿನಲ್ಲಿ ಆ ಮಾತಾಡಿದವಳು ನಾನೇ ಎಂದೆ. ಒಂದು ಚಪ್ಪಲಿ ಕಾಲಿಗೆ ಮೆಟ್ಟಿಕೊಂಡು ಕೇಳಿದರು.

“ಆಡ್ದಾಗ ನಾಲ್ಕು ಜನ ಇದ್ರಲ್ವಾ ತಾಯಿ?”

“ಇದ್ರು.”

“ಇವಾಗ ನಾನೊಬ್ನೇ ಇವ್ನಿ.”

ನಾನು ಒಳಗೆ ಹೋದೆ. ಎಲ್ಲರೂ ಏಳುತ್ತಿದ್ದರು. ಮೈಕ್ ಕಿತ್ತುಕೊಂಡು, ಪುಟ್ಟಮಲ್ಲಪ್ಪನವರ ಮೇಲೆ ನಾನು ಹೊರಿಸಿದ ಮಾತು ಸುಳ್ಳು ಎಂದು ಹೇಳಿದೆ. ಬಂಡಳ್ಳಿಯ ಡೈರಿಯವರೂ ಅಲ್ಲಿದ್ದರು. ಮಾಡಿದ್ದು ನಾನೇ ಆದ್ದರಿಂದ ನಾಚಿಕೆಯಾಯಿತು. ಆದರೂ ಹೇಳಿದೆ. ಹೊರಗೆ ಬಂದಾಗ ನಿಮ್ಮ ತಂದೆ ಇನ್ನೂ ಅಲ್ಲೇ ನಿಂತಿದ್ದರು. “ಅವ್ಳು ಕೆಲ್ಸ ಕಳ್ಕೊಂಡ್ಲಾ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅದಕ್ಕೆ ಉತ್ತರ ನೀವೇ ಬರೆಯಬೇಕು. ನನಗಲ್ಲ, ಅವರಿಗೆ.

ನಿನ್ನೆ ಯಂತ್ರ ಬಂತು. ಬೆಲ್ಟ್ ಇಲಿ ತಿಂದಿದೆ, ಕಬ್ಬಿಣಕ್ಕೆ ತುಕ್ಕು ಹತ್ತಿದೆ. ಉಮೇಶ್ ಬೆಳಿಗ್ಗೆಯಿಂದ ಬಿಚ್ಚಿಕೊಂಡು ಕೂತಿದ್ದಾರೆ, ನಡೆಯುತ್ತದೆ ಎನ್ನುತ್ತಾರೆ. ರಾಮಲಿಂಗಯ್ಯನವರು ಬಂದು ನೋಡಿದರು, ಒಂದು ಸಲ ಮುಟ್ಟಿದರು, ಹೋದರು. ಸಿಮೆಂಟ್ ಒಡೆಸೋಣವೇ ಎಂದು ಕೇಳಿದೆ. ಈ ವಯಸ್ಸಿನಲ್ಲಿ ಬೇಡ ತಾಯಿ ಎಂದರು. ಆ ಒಂದು ಮಗ್ಗದ ಲೆಕ್ಕ ಯಾರೂ ಕೊಡುವುದಿಲ್ಲ. ಅದನ್ನು ನಾನು ಮರೆಯುವುದಿಲ್ಲ, ನೀವೂ ಮರೆಯಬೇಡಿ.

ಬೇಲಿಯವರ ನೋಟಿಸು ಹಾಗೇ ಇದೆ. ಪರಿಶೀಲನೆ ಎಂದರೆ ಏನೆಂದು ನಮಗೆಲ್ಲ ಗೊತ್ತು. ಸೋಮವಾರ ಪುಟ್ಟಮಾದಪ್ಪನವರು ಚಾಮರಾಜನಗರದ ಇಲಾಖೆ ಕಚೇರಿ ಮುಂದೆ ಧರಣಿ ಕೂರುತ್ತಾರೆ. ಜೊತೆಗೆ ನಾವು ನೇಕಾರರು ಹೋಗುತ್ತಿದ್ದೇವೆ, ಯಳಂದೂರಿನವರು ದಾರಿಯಲ್ಲಿ ಹತ್ತಿಕೊಳ್ಳುತ್ತಾರೆ. ಇವತ್ತು ಪುಟ್ಟಮಾದಪ್ಪ ಫೋನ್ ಮಾಡಿದ್ದರು. ಅವರಿಗೊಂದು ಅನುಮಾನ.

“ಅಲ್ಲ ಕಣಮ್ಮ, ಬೇಲಿ ವಿಷ್ಯಕ್ಕೆ ಸೀರೆಯವ್ರು ಯಾಕ್ ಬಂದ್ರು, ನಿಮ್ ನಿಮ್ಗೆ ಏನ್ ಸಂಬಂಧ ಅಂತ ಸಾಹೇಬ್ರು ಕೇಳುದ್ರೆ ಏನನ್ಲಿ?”

“ಸಿಟ್ಟು ಅನ್ನಿ” ಎಂದೆ.

ವಾಣಿಶ್ರೀ